ಇಂಜಿನ್ ಸಾಫ್ಟ್‌ವೇರ್ ಬದಲಾವಣೆಯ ನಂತರದ ತೊಂದರೆಗಳು: ಪತ್ತೆ, ಪರಿಹಾರ ಮತ್ತು ಲೆಕ್ಕಾಚಾರ

ಸರಕು ಸಾಗಣೆಯ ವಾಹನವು ವರ್ತಕರ ಪಾಲಿಗೆ ಕಾರ್ಖಾನೆಯ ಯಂತ್ರವಿದ್ದಂತೆ. ಅದು ನಿಂತ ದಿನ ಬಾಡಿಗೆ ನಿಲ್ಲುತ್ತದೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಅಂಬೇವಾಡಿ, ದಾಂಡೇಲಿ ಭಾಗದ ವಾಹನಗಳು ಒಂದು ಕಡೆ ಹಳಿಯಾಳ, ಧಾರವಾಡಗಳಿಗೂ ಇನ್ನೊಂದು ಕಡೆ ಜೋಯಿಡಾ, ಅಣಶಿ ಘಟ್ಟದ ಮಾರ್ಗವಾಗಿ ಕಾರವಾರಕ್ಕೂ ಓಡಾಡುತ್ತವೆ. ಏರುದಾರಿ, ತುಂಬಿದ ಸರಕು ಹಾಗೂ ದೀರ್ಘ ಮಳೆಗಾಲ ಈ ಮಾರ್ಗದ ಲಕ್ಷಣಗಳು. ಆದ್ದರಿಂದ "ಇಂಜಿನ್ನಿನ ಸಾಫ್ಟ್‌ವೇರ್ ಬದಲಿಸಿದರೆ ಎಳೆತ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ" ಎಂಬ ಮಾತು ವಾಹನ ಮಾಲೀಕರನ್ನು ಆಕರ್ಷಿಸುವುದು ಸಹಜ. ಬದಲಾವಣೆಯ ನಂತರ ತೊಂದರೆ ತಲೆದೋರಿದರೆ ಯಾವ ಕ್ರಮದಲ್ಲಿ ಪರಿಶೀಲಿಸಬೇಕು, ಇದರ ವ್ಯಾವಹಾರಿಕ ಹಾಗೂ ಕಾನೂನಿನ ಪರಿಣಾಮಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬದಲಾವಣೆ ಎಂದರೇನು?

ಡೀಸೆಲ್ ಇಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವ ಆಸೆ ಹೊಸದಲ್ಲ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೊ ಸಂಸ್ಥೆ (2008ರಿಂದ ಬಾಷ್ ಲಿಮಿಟೆಡ್) ತಯಾರಿಸುತ್ತಿದ್ದ ಡೀಸೆಲ್ ಪಂಪುಗಳ ಕಾಲದಲ್ಲಿ, ಪಂಪಿನ ಸ್ಕ್ರೂ ತಿರುಗಿಸಿ ಹೆಚ್ಚು ಡೀಸೆಲ್ ಬಿಡಿಸಿಕೊಳ್ಳುವ ಪದ್ಧತಿಯಿತ್ತು. ಕಪ್ಪು ಹೊಗೆ ಬಂದರೆ ಅದೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರೆ ಸಾಕಾಗುತ್ತಿತ್ತು.

ಕಾಮನ್ ರೈಲ್ ಇಂಜಿನ್ನುಗಳಲ್ಲಿ ಈ ಕೆಲಸವನ್ನು ಇ.ಸಿ.ಯು. ಎಂಬ ಪುಟ್ಟ ಕಂಪ್ಯೂಟರ್ ನಿರ್ವಹಿಸುತ್ತದೆ. ಎಷ್ಟು ಡೀಸೆಲ್, ಯಾವ ಒತ್ತಡದಲ್ಲಿ, ಯಾವ ಕ್ಷಣಕ್ಕೆ, ಟರ್ಬೊದಿಂದ ಎಷ್ಟು ಗಾಳಿ ಎಂಬ ಕೋಷ್ಟಕಗಳು ಅದರ ಸ್ಮರಣೆಯಲ್ಲಿರುತ್ತವೆ. ಈ ಕೋಷ್ಟಕಗಳನ್ನೇ ತಿದ್ದಿ ಬರೆಯುವುದು ರೀಮ್ಯಾಪ್. ಕೋಷ್ಟಕ ಮುಟ್ಟದೆ, ಸೆನ್ಸರ್ ಮತ್ತು ಇ.ಸಿ.ಯು. ನಡುವೆ ಒಂದು ಪೆಟ್ಟಿಗೆ ಜೋಡಿಸಿ ಸಂಕೇತವನ್ನು ಮಾತ್ರ ಬದಲಿಸುವುದು ಎರಡನೆಯ ವಿಧಾನ. ತೊಂದರೆಯ ಪತ್ತೆಗೆ ಈ ವ್ಯತ್ಯಾಸ ಮುಖ್ಯ. ಪೆಟ್ಟಿಗೆಯನ್ನು ಕಳಚಿ ನೋಡಬಹುದು. ರೀಮ್ಯಾಪನ್ನು ಮೂಲ ಫೈಲು ಇಲ್ಲದೆ ಕಳಚಲು ಬರುವುದಿಲ್ಲ.

ಮೊದಲು ದಾಖಲೆ, ನಂತರ ದುರಸ್ತಿ

ಎಚ್ಚರಿಕೆ ದೀಪ ಹೊತ್ತಿದೊಡನೆ ಅದನ್ನು ಸ್ಕ್ಯಾನರಿನಿಂದ ಅಳಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ದೋಷಸಂಖ್ಯೆಯೊಡನೆ, ಅದು ದಾಖಲಾದ ಕ್ಷಣದ ವೇಗ, ಇಂಜಿನ್ನಿನ ಸುತ್ತು, ಉಷ್ಣತೆ ಮುಂತಾದ ವಿವರಗಳೂ ಇ.ಸಿ.ಯು.ವಿನಲ್ಲಿ ಉಳಿದಿರುತ್ತವೆ. ಅಳಿಸಿದರೆ ಇವೂ ಹೋಗುತ್ತವೆ. ಆದ್ದರಿಂದ ಮೊದಲು ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ತೊಂದರೆಯು ಬದಲಾವಣೆಯಾದ ದಿನವೇ ಬಂದಿತೇ, ವಾರಗಳ ನಂತರವೇ, ಏರಿನಲ್ಲಿ ಮಾತ್ರವೇ, ತಣ್ಣಗಿರುವಾಗಲೂ ಬರುತ್ತದೆಯೇ ಎಂಬುದನ್ನು ಚಾಲಕರಿಂದ ಕೇಳಿ ಅದೇ ಹಾಳೆಯಲ್ಲಿ ನಮೂದಿಸಬೇಕು.

ಲಕ್ಷಣಗಳು ಮತ್ತು ಪರಿಶೀಲನೆಯ ಕ್ರಮ

1. ಇಂಜಿನ್ ಚಾಲೂ ಆಗದಿರುವುದು: ಸಾಫ್ಟ್‌ವೇರ್ ಬರೆಯುವಾಗ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಅಥವಾ ಸಂಪರ್ಕ ಕಡಿದರೆ ಬರವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಪಿ0602, ಪಿ0605 ದೋಷಸಂಖ್ಯೆಗಳು ಇ.ಸಿ.ಯು.ವಿನ ಪ್ರೋಗ್ರಾಂ ಅಥವಾ ಸ್ಮರಣೆಯ ದೋಷವನ್ನು ಸೂಚಿಸುತ್ತವೆ. ಇಲ್ಲಿ ಪಂಪು, ಇಂಜೆಕ್ಟರ್ ಬಿಚ್ಚುವುದು ವ್ಯರ್ಥ ಖರ್ಚು. ಬ್ಯಾಟರಿಗೆ ಸ್ಥಿರವಾದ ವಿದ್ಯುತ್ ಆಧಾರ ಒದಗಿಸಿ, ಬದಲಾವಣೆ ಮಾಡಿದವರಿಂದಲೇ ಮೂಲ ಫೈಲನ್ನು ಪುನಃ ಬರೆಸಬೇಕು. ಇ.ಸಿ.ಯು.ವಿನ ಹಾರ್ಡ್‌ವೇರ್ ಸಂಖ್ಯೆಗೆ ಹೊಂದದ ಫೈಲು ಹಾಕಿದ್ದರೂ ಇದೇ ಸ್ಥಿತಿ ಉಂಟಾಗಬಹುದು.

2. ಏರಿನಲ್ಲಿ ಎಳೆತ ಥಟ್ಟನೆ ತಗ್ಗುವುದು: ಅಪಾಯ ಕಂಡಾಗ ಇ.ಸಿ.ಯು. ಇಂಜಿನ್ನಿನ ಶಕ್ತಿಯನ್ನು ತಾನೇ ಮಿತಿಗೊಳಿಸುತ್ತದೆ. ಇದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ. ಪಿ0299 ಎಂದರೆ ಟರ್ಬೊ ಒತ್ತಡ ಸಾಲದು, ಪಿ0234 ಎಂದರೆ ಅತಿಯಾಗಿದೆ. ಪಿ0299 ಬಂದಲ್ಲಿ ಮೊದಲು ಇಂಟರ್‌ಕೂಲರಿನ ಹೋಸ್ ಪೈಪುಗಳು, ಅವುಗಳ ಕ್ಲಿಪ್ಪುಗಳು ಮತ್ತು ಏರ್ ಫಿಲ್ಟರನ್ನು ನೋಡಬೇಕು. ಮೊದಲಿನ ಒತ್ತಡವನ್ನು ತಾಳುತ್ತಿದ್ದ ಹಳೆಯ ಪೈಪು, ಹೆಚ್ಚಿದ ಒತ್ತಡಕ್ಕೆ ಬಿರುಕು ಬಿಡುವುದುಂಟು. ಕೆಲವು ನೂರು ರೂಪಾಯಿಗಳ ಕ್ಲಿಪ್ಪನ್ನು ಪರೀಕ್ಷಿಸದೆ ಟರ್ಬೊ ಬದಲಿಸಿದರೆ ನಷ್ಟ ಸಾವಿರಗಳಲ್ಲಿರುತ್ತದೆ.

3. ಡೀಸೆಲ್ ಒತ್ತಡದ ದೋಷ: ಪಿ0087 ಎಂದರೆ ರೈಲಿನ ಒತ್ತಡ ಕಡಿಮೆ, ಪಿ0088 ಎಂದರೆ ಹೆಚ್ಚು. ಒತ್ತಡ ಕಡಿಮೆಯಾಗಿದ್ದರೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದೆಯೇ, ನೀರು ಸೇರಿದೆಯೇ ಎಂಬುದನ್ನು ಮೊದಲು ನೋಡಬೇಕು. ಅರ್ಧ ಕಟ್ಟಿಕೊಂಡ ಫಿಲ್ಟರು ಹಿಂದಿನ ಬೇಡಿಕೆಗೆ ಸಾಕಾಗುತ್ತಿದ್ದು, ಹೆಚ್ಚಿದ ಬೇಡಿಕೆಗೆ ಸಾಲದೆ ಹೋಗಬಹುದು.

4. ಕಪ್ಪು ಹೊಗೆ ಮತ್ತು ಮಸಿ: ಗಾಳಿಗೆ ತಕ್ಕ ಪ್ರಮಾಣಕ್ಕಿಂತ ಹೆಚ್ಚು ಡೀಸೆಲ್ ಸುರಿಯುತ್ತಿರುವುದರ ಗುರುತಿದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಮಸಿಯನ್ನು ಹಿಡಿಯುವ ಡಿ.ಪಿ.ಎಫ್. ಫಿಲ್ಟರ್ ಇರುವುದರಿಂದ ಹೊಗೆ ಹೊರಗೆ ಕಾಣದೆ ಒಳಗೇ ಸಂಗ್ರಹವಾಗುತ್ತದೆ. ಪಿ2463 ಇದರ ಸೂಚನೆ. ಮಸಿ ಸುಡಲು ಹೊಗೆಕೊಳವೆ ಸಾಕಷ್ಟು ಕಾಯಬೇಕು. ಊರೊಳಗಿನ ಚಿಕ್ಕ ಓಡಾಟದಲ್ಲಿ ಅದು ಕಾಯದು. ಡಿ.ಪಿ.ಎಫ್. ಅನ್ನೇ ತೆಗೆದುಹಾಕುವ ಸಲಹೆಯನ್ನು ಮಾಲೀಕರು ಯಾವ ಕಾರಣಕ್ಕೂ ಒಪ್ಪಬಾರದು.

5. ಕ್ಲಚ್ ಜಾರುವುದು: ಇಂಜಿನ್ನಿನ ಸುತ್ತು ಏರಿದರೂ ವೇಗ ಏರದಿದ್ದರೆ ದೋಷ ಇಂಜಿನ್ನಿನದ್ದಲ್ಲ. ಹೆಚ್ಚಿದ ತಿರುಚುಬಲವನ್ನು ಸವೆದ ಕ್ಲಚ್ ಪ್ಲೇಟು ತಾಳುತ್ತಿಲ್ಲ ಎಂದರ್ಥ. ಸ್ಕ್ಯಾನರಿನಲ್ಲಿ ಇದಕ್ಕೆ ಯಾವ ದೋಷಸಂಖ್ಯೆಯೂ ಕಾಣದಿರಬಹುದು.

ನಿರ್ಣಾಯಕ ಪರೀಕ್ಷೆ

ಮೇಲಿನ ಸುಲಭ ಪರಿಶೀಲನೆಗಳಿಂದ ಕಾರಣ ತಿಳಿಯದಿದ್ದಲ್ಲಿ, ಬಿಡಿಭಾಗಗಳನ್ನು ಕೊಳ್ಳುವ ಮುನ್ನ ವಾಹನವನ್ನು ಮೂಲ ಸಾಫ್ಟ್‌ವೇರಿಗೆ ಮರಳಿಸಿ, ಅದೇ ಮಾರ್ಗದಲ್ಲಿ, ಅದೇ ಭಾರದೊಂದಿಗೆ ಓಡಿಸಬೇಕು. ದೋಷ ಹೋದರೆ, ಹೊಸ ಫೈಲು ತಪ್ಪಾಗಿದೆ ಅಥವಾ ಈ ಇಂಜಿನ್ನಿನ ಸದ್ಯದ ಸ್ಥಿತಿಗೆ ಅದು ಅತಿಯಾಗಿದೆ. ದೋಷ ಉಳಿದರೆ, ಅದು ಮೊದಲೇ ಇದ್ದ ಸವೆತ ಅಥವಾ ಬದಲಾವಣೆಯ ಅವಧಿಯಲ್ಲಿ ಆದ ಹಾನಿ. ಈ ಒಂದು ಪರೀಕ್ಷೆಯೇ ಬಹುಪಾಲು ವಿವಾದಗಳನ್ನು ಬಗೆಹರಿಸಬಲ್ಲದು. ಆದುದರಿಂದ ಮೂಲ ಫೈಲಿನ ಪ್ರತಿಯನ್ನು ಹಣ ಪಾವತಿಸುವ ದಿನವೇ ಪಡೆದು ಇಟ್ಟುಕೊಳ್ಳುವುದು ಅತ್ಯವಶ್ಯ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಸಾಫ್ಟ್‌ವೇರನ್ನು ನವೀಕರಿಸಿದಾಗ ರೀಮ್ಯಾಪ್ ಅಳಿಸಿಹೋಗಬಹುದು ಎಂಬುದನ್ನೂ ನೆನಪಿಡಬೇಕು.

ಲಾಭ–ನಷ್ಟದ ಲೆಕ್ಕ

ಉದಾಹರಣೆಗೆ, ಒಂದು ಪಿಕಪ್ ತಿಂಗಳಿಗೆ 3,000 ಕಿ.ಮೀ. ಓಡುತ್ತದೆ, ಲೀಟರಿಗೆ 12 ಕಿ.ಮೀ. ಕೊಡುತ್ತದೆ, ಡೀಸೆಲ್ ದರ ರೂ. 90 ಎಂದು ಭಾವಿಸಬಹುದು. ಈಗಿನ ಬಳಕೆ 250 ಲೀಟರ್. ಮೈಲೇಜ್ ಶೇ. 10ರಷ್ಟು ಹೆಚ್ಚುವುದೆಂಬ ಭರವಸೆ ಪೂರ್ತಿ ನಿಜವಾದರೆ ಬಳಕೆ ಸುಮಾರು 227 ಲೀಟರಿಗೆ ಇಳಿದು, ತಿಂಗಳಿಗೆ 23 ಲೀಟರ್, ಅಂದರೆ ಸುಮಾರು ರೂ. 2,070 ಉಳಿಯುತ್ತದೆ. ಬದಲಾವಣೆಗೆ ರೂ. 20,000 ವೆಚ್ಚವಾಗಿದ್ದರೆ ಅದು ಮರಳಲು ಹೆಚ್ಚುಕಡಿಮೆ ಹತ್ತು ತಿಂಗಳು ಬೇಕು. ಈ ನಡುವೆ ವಾಹನವು ಐದು ದಿನ ನಿಂತು, ದಿನಕ್ಕೆ ರೂ. 2,500ರಂತೆ ಆದಾಯ ತಪ್ಪಿದರೆ ರೂ. 12,500, ಅಂದರೆ ಆರು ತಿಂಗಳ ಉಳಿತಾಯ ಅಲ್ಲಿಗೇ ಕರಗುತ್ತದೆ. ದುರಸ್ತಿಗಾಗಿ ಧಾರವಾಡ, ಹುಬ್ಬಳ್ಳಿಗಳವರೆಗೆ ವಾಹನವನ್ನು ಎಳೆಸಿಕೊಂಡು ಹೋಗುವ ಖರ್ಚು ಬೇರೆ.

ಉಳಿತಾಯವನ್ನು ಅಳೆಯುವಾಗ ಮೀಟರಿನಲ್ಲಿ ಕಾಣುವ ಮೈಲೇಜನ್ನು ನಂಬಬಾರದು. ಅದು ಇ.ಸಿ.ಯು. ತಾನು ಬಿಟ್ಟೆನೆಂದು ಎಣಿಸಿದ ಡೀಸೆಲಿನ ಲೆಕ್ಕ. ಕೋಷ್ಟಕ ಅಥವಾ ಸಂಕೇತ ತಿದ್ದಿದ ಮೇಲೆ ಆ ಎಣಿಕೆಯೇ ತಪ್ಪಿರಬಹುದು. ಟ್ಯಾಂಕ್ ಪೂರ್ತಿ ತುಂಬಿಸಿ, ಪುನಃ ಪೂರ್ತಿ ತುಂಬಿಸಿ, ಬಂಕಿನ ಬಿಲ್ಲುಗಳಿಂದಲೇ ಲೆಕ್ಕ ಹಾಕಬೇಕು.

ಕಾನೂನು, ವಿಮೆ ಮತ್ತು ತೆರಿಗೆ

ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 182-ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಇವೆರಡೂ ವಿಧಿಸಲ್ಪಡಬಹುದು. ಹೊಗೆ ತಪಾಸಣೆಯಲ್ಲಿ ವಿಫಲವಾದರೆ ಅದರ ಹೊಣೆಯೂ ಮಾಲೀಕರದ್ದೇ.

ವಿಮಾ ಕರಾರು ಪರಮ ವಿಶ್ವಾಸದ ಮೇಲೆ ನಿಂತಿರುವುದರಿಂದ, ತಿಳಿಸದೆ ಮಾಡಿದ ಬದಲಾವಣೆಯು ಪರಿಹಾರದ ಅರ್ಜಿಗೆ ಅಡ್ಡಿಯಾಗಬಹುದು. ವಾರಂಟಿಯೂ ಕೈತಪ್ಪುವ ಸಂಭವವಿದೆ. ಗ್ರಾಹಕರ ರಕ್ಷಣಾ ಕಾಯ್ದೆ, 2019ರಲ್ಲಿ ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯು ಸಾಮಾನ್ಯವಾಗಿ ಹೊರಗುಳಿಯುತ್ತದೆ. ಸ್ವಯಂ ಉದ್ಯೋಗದಿಂದ ಜೀವನ ಸಾಗಿಸಲೆಂದೇ ಕೊಂಡು ಬಳಸುವ ಸರಕುಗಳಿಗೆ ಮಾತ್ರ ವಿನಾಯಿತಿಯಿದೆ.

ಆದಾಯ ತೆರಿಗೆಯಲ್ಲಿ, ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ವ್ಯಾಪಾರದ ಖರ್ಚೆಂದು ಕಳೆಯಲು ಅವಕಾಶವಿಲ್ಲ. ಡಿ.ಪಿ.ಎಫ್. ತೆಗೆಸಿದ ಬಿಲ್ಲನ್ನು "ವಾಹನ ದುರಸ್ತಿ" ಖಾತೆಗೆ ಬರೆದ ಮಾತ್ರಕ್ಕೆ ಅದು ದುರಸ್ತಿಯಾಗುವುದಿಲ್ಲ. ಬಿಲ್ಲೇ ಇಲ್ಲದೆ ನಗದು ಕೊಟ್ಟಿದ್ದರೆ ಖರ್ಚಿಗೂ ಆಧಾರವಿಲ್ಲ, ಜಿ.ಎಸ್.ಟಿ. ಇನ್‌ಪುಟ್ ಕ್ರೆಡಿಟ್ಟೂ ಇಲ್ಲ, ಕೆಲಸ ಮಾಡಿದವರ ಮೇಲೆ ತಗಾದೆ ಹೂಡಲು ಪುರಾವೆಯೂ ಇಲ್ಲ.

ಈಗಾಗಲೇ ಬದಲಾವಣೆ ಮಾಡಿಸಿ ತೊಂದರೆಗೆ ಸಿಲುಕಿರುವವರು ದೋಷಸಂಖ್ಯೆಯ ಹಾಳೆ, ಮೂಲ ಫೈಲು, ಬಿಲ್ಲು ಮತ್ತು ಡೀಸೆಲ್ ರಸೀದಿಗಳನ್ನು ಒಂದೆಡೆ ಸೇರಿಸಿಟ್ಟು, ಅಗ್ಗದ ಪರಿಶೀಲನೆಯಿಂದ ದುಬಾರಿಯದರ ಕಡೆಗೆ ಸಾಗುವುದು ಸೂಕ್ತ. ಇನ್ನೂ ಯೋಚನೆಯಲ್ಲಿರುವವರು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಟೈರಿನ ಗಾಳಿ ಮತ್ತು ಹೇರುವ ಭಾರವನ್ನು ಮೊದಲು ಸರಿಪಡಿಸಿ ಒಂದು ತಿಂಗಳ ಮೈಲೇಜ್ ಲೆಕ್ಕ ಹಾಕಿ ನೋಡಲಿ. ಬಯಸಿದ ಉಳಿತಾಯದ ಒಂದು ಭಾಗ ಅಲ್ಲಿಯೇ, ಕಾನೂನಿನ ತೊಡಕಿಲ್ಲದೆ, ದೊರೆಯಬಹುದು.