ಭೂತಾನ ಯಾತ್ರೆಗೆ ಯಾವ ತಿಂಗಳು ಹಿತ?

ನಮ್ಮ ಚಿತ್ರದುರ್ಗ ಸೀಮೆಗೆ ಬುದ್ಧಧರ್ಮದ ಪರಿಚಯವು ಹೊಸದೇನೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವು ಇಂದಿಗೂ ಬಂಡೆಯ ಮೇಲಿರುವುದಷ್ಟೆ. ಆದರೆ ಆ ಧರ್ಮವು ರಾಜ್ಯದ ಜೀವಾಳವಾಗಿಯೇ ಉಳಿದಿರುವ ದೇಶವನ್ನು ಕಾಣಬೇಕಾದರೆ ಹಿಮಾಲಯದ ಮಡಿಲಿನ ಭೂತಾನಕ್ಕೆ ಹೋಗಬೇಕು. ದೇಶವು ಚಿಕ್ಕದಾದರೂ ಯಾತ್ರೆಯು ಚಿಕ್ಕದಲ್ಲ. ಆದುದರಿಂದ ಮನೆಯಲ್ಲಿ ಕುಳಿತು ಮೊದಲೇ ಆಲೋಚಿಸತಕ್ಕುದು.

ಹೊಳಲ್ಕೆರೆಯ ಕಡೆಯ ಒಂದು ಸಂಸಾರವನ್ನು ಭಾವಿಸೋಣ. ಗಂಡ, ಹೆಂಡತಿ, ಹತ್ತು ವರುಷದ ಮಗ, ಎಪ್ಪತ್ತು ತುಂಬಿದ ಅಜ್ಜಿ. ಜೀವನಕ್ಕೆ ಅಡಕೆಯ ತೋಟ. “ಕಾಲಿನಲ್ಲಿ ಶಕ್ತಿಯಿರುವಾಗಲೇ ಹಿಮಾಲಯವನ್ನೊಮ್ಮೆ ತೋರಿಸಿಬಿಡಪ್ಪಾ” ಎಂದು ಅಜ್ಜಿಯ ಹಂಬಲ. ಇವರು ಹೊರಡುವುದು ಯಾವಾಗ?

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಲವನ್ನು ಬಿಡುವುದೇ ಲೇಸು. ಹಿರಿಯೂರಿನ ರೈತನು ಮಳೆಗಾಗಿ ಮುಗಿಲು ನೋಡುತ್ತಾನೆ. ಅಲ್ಲಿಯಾದರೋ ಅದೇ ಮಳೆಯಿಂದ ಗುಡ್ಡ ಜರುಗಿ ದಾರಿ ಮುಚ್ಚುವುದುಂಟು. ಡಿಸೆಂಬರ್, ಜನವರಿಗಳಲ್ಲಿ ಆಕಾಶವು ನಿರ್ಮಲವಾಗಿದ್ದರೂ ರಾತ್ರಿಯ ಚಳಿಯು ವೃದ್ಧರಿಗೆ ಸಹಿಸದು. ಉಳಿದವು ಎರಡು ಸುಸಮಯಗಳು. ಅಕ್ಟೋಬರ್, ನವೆಂಬರ್‌ಗಳಲ್ಲಿ ಹಿಮಶಿಖರಗಳು ಸ್ವಚ್ಛವಾಗಿ ಕಾಣುವುವು. ಮಕ್ಕಳಿಗೆ ದಸರಾ ರಜೆಯೂ ಒದಗುವುದು. ಆದರೆ ಹೊಳಲ್ಕೆರೆ, ಹೊಸದುರ್ಗಗಳ ತೋಟಗಾರರಿಗೆ ಅದು ಕೊಯ್ಲಿನ ಕಾಲ. ಅಡಕೆಯನ್ನು ಅನ್ಯರಿಗೊಪ್ಪಿಸಿ ಹೋದರೆ ಮನಸ್ಸು ತೋಟದಲ್ಲಿಯೇ ಉಳಿದೀತು. ಅಂಥವರಿಗೆ ಪರೀಕ್ಷೆಗಳು ಮುಗಿದ ಏಪ್ರಿಲ್ ತಿಂಗಳೇ ಯೋಗ್ಯ. ಆಗ ಮಲೆಗಳಲ್ಲಿ ಹೂವುಗಳು ಅರಳುವ ಕಾಲ. ಪಾರೋ ಪಟ್ಟಣದ ‘ತ್ಸೆಚು’ ಎಂಬ ಮುಖವಾಡದ ನೃತ್ಯೋತ್ಸವವು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಬರುತ್ತದೆ. ನಮ್ಮ ಹಬ್ಬಗಳಂತೆ ಅದೂ ಚಾಂದ್ರಮಾನದ್ದಾದುದರಿಂದ ಆಯಾ ವರುಷದ ತಿಥಿಯನ್ನು ಮೊದಲೇ ವಿಚಾರಿಸಬೇಕು.

ಇನ್ನು ಕಾಗದಪತ್ರಗಳ ಮಾತು. ಭಾರತೀಯರಿಗೆ ವೀಸಾ ಬೇಡ, ಪ್ರವೇಶದ ಅನುಮತಿಪತ್ರ ಸಾಕು. ಅದಕ್ಕೆ ಆರು ತಿಂಗಳ ಅವಧಿಯಾದರೂ ಉಳಿದಿರುವ ಪಾಸ್‌ಪೋರ್ಟು, ಇಲ್ಲವೆ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಚೀಟಿಯೊಂದನ್ನೇ ನಂಬಿ ಹೊರಟವರು ಗಡಿಯಲ್ಲಿ ನಿಲ್ಲಬೇಕಾದೀತು. ಮಗನ ಜನನ ಪ್ರಮಾಣಪತ್ರದ ಮೂಲಪ್ರತಿಯನ್ನೂ ಮರೆಯಬಾರದು. 2022ರಿಂದ ಭಾರತೀಯರು ತಲೆಗೆ ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ತೆರಬೇಕು. ಆರರಿಂದ ಹನ್ನೆರಡು ವರುಷದ ಮಕ್ಕಳಿಗೆ ಅರ್ಧ. ನಮ್ಮ ಸಂಸಾರವು ಆರು ರಾತ್ರಿ ತಂಗಿದರೆ ಈ ಬಾಬತ್ತೊಂದೇ 25,200 ರೂಪಾಯಿ. ಊಟ, ವಸತಿ, ಪ್ರಯಾಣಗಳ ವೆಚ್ಚವು ಬೇರೆ. ಅಲ್ಲಿಯ ನಾಣ್ಯವಾದ ಙುಲ್ಟ್ರಮ್ ನಮ್ಮ ರೂಪಾಯಿಗೆ ಸಮವಾದುದರಿಂದ ಗೃಹಿಣಿಗೆ ಲೆಕ್ಕವು ಸುಲಭ.

ದಾರಿಯ ವಿಷಯ. ಬೆಂಗಳೂರಿನಿಂದ ವಿಮಾನದಲ್ಲಿ ಬಾಗ್‌ಡೋಗ್ರಾಕ್ಕೆ ಹೋಗಿ, ಅಲ್ಲಿಂದ ಮೋಟಾರಿನಲ್ಲಿ ಜೈಗಾಂವ್ ಸೇರಿದರೆ ಗಡಿಯಾಚೆ ಫುಂಟ್‌ಶೋಲಿಂಗ್. ರೈಲಿನಲ್ಲಿ ಹೋಗುವವರಿಗೆ ಹಾಸಿಮಾರಾ ಸಮೀಪದ ನಿಲ್ದಾಣ. ಫುಂಟ್‌ಶೋಲಿಂಗ್‌ನಿಂದ ರಾಜಧಾನಿಯಾದ ಥಿಂಪುವಿಗೆ ಸುಮಾರು 150 ಕಿಲೋಮೀಟರ್ ಬೆಟ್ಟದ ದಾರಿ. ಕಲ್ಕತ್ತೆ, ದಿಲ್ಲಿಗಳಿಂದ ನೇರವಾಗಿ ಪಾರೋಗೆ ವಿಮಾನವೂ ಉಂಟು.

ಕಡೆಯ ಮಾತು ಅಜ್ಜಿಯದು. ಚಿತ್ರದುರ್ಗವು ಸಮುದ್ರಮಟ್ಟದಿಂದ ಸುಮಾರು 730 ಮೀಟರ್, ಥಿಂಪುವಾದರೋ 2,300 ಮೀಟರಿಗೂ ಮೇಲೆ. ಏಳು ಸುತ್ತಿನ ಕೋಟೆಯನ್ನು ಹತ್ತಿದ ಕಾಲೇ ಆದರೂ ಅಲ್ಲಿ ಉಸಿರು ಬೇಗ ಕಟ್ಟೀತು. ಹೊರಡುವ ಮುನ್ನ ವೈದ್ಯರನ್ನು ಕಾಣಬೇಕು. ಸೇರಿದ ಮೊದಲ ದಿನ ವಿಶ್ರಮಿಸಬೇಕು. ಸುಮಾರು 1,200 ಮೀಟರ್ ಎತ್ತರದ, ಬೆಚ್ಚಗಿನ ಪುನಾಖಾ ಕಣಿವೆಯಲ್ಲಿ ಎರಡು ದಿನ ಕಳೆಯಬೇಕು. 1692ರಲ್ಲಿ ಕಟ್ಟಿದ ತಕ್‌ತ್ಸಂಗ್ ಮಠವು 3,120 ಮೀಟರ್ ಎತ್ತರದ ಕಡಿಬಂಡೆಗೆ ಅಂಟಿಕೊಂಡಿದೆ. ಅಲ್ಲಿಗೆ ಮಗನೂ ತಂದೆಯೂ ಹತ್ತಲಿ. ಸೊಸೆಯೊಡನೆ ಅಜ್ಜಿಯು ಕೆಳಗಿನ ಕಣಿವೆಯಿಂದಲೇ ಅದನ್ನು ಕಂಡು ಕೈಮುಗಿಯಬಹುದು. ಅಜ್ಜಿಗೆ ಹತ್ತಲಾಗದೆಂಬ ಒಂದೇ ಕಾರಣದಿಂದ ಅವರನ್ನು ಮನೆಯಲ್ಲಿ ಬಿಟ್ಟುಹೋಗಬೇಕಾದುದಿಲ್ಲ. ಮುಂದಿನ ವರುಷವೆಂದು ದೂಡುವುದಂತೂ ಸರ್ವಥಾ ಬೇಡ.