ಶಾಲೆಯ ಗಣಕಜಾಲ: ಅಗಸಿಯ ಕೀಲಿ ನಮ್ಮಲ್ಲಿರಲಿ

ಶಿರೋಳ ತಾಲೂಕಿನ ಅಕಿವಾಟದಂತಹ ಗಡಿಗ್ರಾಮಗಳಲ್ಲಿ ಗಣಕಕೊಠಡಿಯು ಕನ್ನಡ ಮಾಧ್ಯಮದ ಮಕ್ಕಳಿಗೆ ಎರಡನೆಯ ಗ್ರಂಥಾಲಯವಾಗಬಲ್ಲದು. ಮಹಾರಾಷ್ಟ್ರದ ಕನ್ನಡ ಶಾಲೆಗಳಿಗಾಗಿ ಬಾಲಭಾರತಿಯು ಪ್ರಕಟಿಸುವ ಪಠ್ಯಪುಸ್ತಕಗಳ ಪಿಡಿಎಫ್ ಪ್ರತಿಗಳು ಅಂತರ್ಜಾಲದಲ್ಲಿ ದೊರೆಯುತ್ತವೆ. ಅವನ್ನು ಒಮ್ಮೆ ಒಂದು ಗಣಕಕ್ಕೆ ಇಳಿಸಿಕೊಂಡು ಹಂಚಿಕೆಗೆ ತೆರೆದಿಟ್ಟರೆ, ಹೊರಗಿನ ಸಂಪರ್ಕ ಕಡಿದ ದಿನವೂ ಉಳಿದ ಗಣಕಗಳಲ್ಲಿ ಮಕ್ಕಳು ಅವನ್ನು ಓದಬಹುದು. ಆದರೆ ಗಣಕಗಳು ಪರಸ್ಪರ ಗುರುತಿಸಬೇಕಾದರೆ ಕೆಲವು ಅಂಕಿಗಳು ಸರಿಯಾಗಿರಬೇಕು. ಒಂದು ತಪ್ಪಿದರೂ ಇಚಲಕರಂಜಿಯಿಂದಲೋ ಕೊಲ್ಹಾಪುರದಿಂದಲೋ ತಂತ್ರಜ್ಞರು ಬರುವವರೆಗೆ ಮಕ್ಕಳ ತಾಸುಗಳು ವ್ಯರ್ಥವಾಗುತ್ತವೆ. ಈ ಅಂಕಿಗಳ ಮರ್ಮವನ್ನು ಶಿಕ್ಷಕರೂ ಪಾಲಕರೂ ಕನ್ನಡದಲ್ಲಿಯೇ ಅರಿತುಕೊಳ್ಳುವುದು ಕಷ್ಟವೇನಲ್ಲ.

ನಾಲ್ಕು ಅಂಕಿಗಳು

ಮೊದಲನೆಯದು ಐಪಿ ವಿಳಾಸ. ಇದು ಮನೆಯ ಸಂಖ್ಯೆಯಿದ್ದಂತೆ, ಉದಾಹರಣೆಗೆ 192.168.1.25. 192.168ರಿಂದ ಆರಂಭವಾಗುವ ವಿಳಾಸಗಳು ಖಾಸಗಿ ಜಾಲಗಳಿಗೆ ಮೀಸಲೆಂದು 1996ರ ಅಂತರ್ಜಾಲ ನಿಯಮಾವಳಿ ಸೂಚಿಸಿದೆ. ಆದುದರಿಂದ ಅಕಿವಾಟದ ಗಣಕಕ್ಕೂ ಗಡಹಿಂಗ್ಲಜದ ಗಣಕಕ್ಕೂ ಇದೇ ಸಂಖ್ಯೆಯಿದ್ದರೆ ಬಾಧಕವಿಲ್ಲ. ಒಂದೇ ಕೊಠಡಿಯಲ್ಲಿ ಎರಡಕ್ಕಿದ್ದರೆ ಮಾತ್ರ ಘರ್ಷಣೆ.

ಎರಡನೆಯದು ಸಬ್‌ನೆಟ್ ಮಾಸ್ಕ್, ಅಂದರೆ ಓಣಿಯ ಎಲ್ಲೆ. 255.255.255.0 ಎಂದಿಟ್ಟರೆ ಆ ಓಣಿಯಲ್ಲಿ 254 ವಿಳಾಸಗಳಿಗೆ ಎಡೆಯುಂಟು. ಮೂರನೆಯದು ಗೇಟ್‌ವೇ. ಇದು ಊರ ಅಗಸಿ. ಹೊರಗೆ ಹೋಗುವ ಪ್ರತಿಯೊಂದು ಸಂದೇಶವೂ ಇದರ ಮೂಲಕವೇ ಸಾಗಬೇಕು. ಸಾಮಾನ್ಯವಾಗಿ ಇದು ರೌಟರಿನ ವಿಳಾಸವೇ, ಉದಾಹರಣೆಗೆ 192.168.1.1. ನಾಲ್ಕನೆಯದು ಡಿಎನ್‌ಎಸ್. ನಾವು ಬರೆಯುವ ಜಾಲತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಹುಡುಕಿಕೊಡುವ ಈ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು.

ಹಂಚಿಕೆಯ ಕ್ರಮ

ರೌಟರಿನಲ್ಲಿರುವ ಡಿಎಚ್‌ಸಿಪಿ ಸೌಲಭ್ಯವು ಈ ನಾಲ್ಕನ್ನೂ ಗಣಕಗಳಿಗೆ ತಾನಾಗಿಯೇ ಹಂಚುತ್ತದೆ. ಹಂಚುವ ಸಂಖ್ಯೆಗಳನ್ನು 100ರಿಂದ 199ರವರೆಗೆ ಮಿತಿಗೊಳಿಸುವುದು ಲೇಸು. ಪ್ರಿಂಟರಿಗೂ ಪಠ್ಯಪುಸ್ತಕಗಳನ್ನಿರಿಸಿದ ಗಣಕಕ್ಕೂ ಆ ಮಿತಿಯ ಹೊರಗೆ 10, 11 ಎಂಬಂತೆ ಸ್ಥಿರ ಸಂಖ್ಯೆ ಕೊಡಬೇಕು. ಇಲ್ಲವಾದರೆ ಅವುಗಳ ವಿಳಾಸ ಬದಲಾಗಿ, ನಿನ್ನೆ ಕಂಡ ಪುಸ್ತಕ ಇಂದು ಕಾಣದಾಗಬಹುದು.

ದೋಷವನ್ನು ಹುಡುಕುವ ಬಗೆ

ಗಣಕದ ವಿಳಾಸ 169.254ರಿಂದ ಆರಂಭವಾಗಿದ್ದರೆ ಅದಕ್ಕೆ ರೌಟರಿನಿಂದ ಸಂಖ್ಯೆ ದೊರೆತಿಲ್ಲವೆಂದರ್ಥ. ಮೊದಲು ಕೇಬಲ್ಲನ್ನೂ ರೌಟರನ್ನೂ ನೋಡಬೇಕು. ವಿಳಾಸ ಸರಿಯಿದ್ದರೆ ಗಣಕದಲ್ಲಿ ‘ಪಿಂಗ್’ ಆದೇಶ ಕೊಟ್ಟು ಅಗಸಿಯನ್ನು ತಟ್ಟಬೇಕು. ಅಗಸಿ ಉತ್ತರಿಸಿಯೂ ಜಾಲತಾಣ ತೆರೆಯದಿದ್ದರೆ ದೋಷವಿರುವುದು ಹೊರಗಿನ ಸಂಪರ್ಕದಲ್ಲಿ ಇಲ್ಲವೇ ಡಿಎನ್‌ಎಸ್‌ನಲ್ಲಿ. ಹೊರಗಿನ 1.1.1.1 ಎಂಬ ಅಂಕಿವಿಳಾಸ ಉತ್ತರಿಸುತ್ತಿದ್ದು, ಹೆಸರು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಮೇಲೆಯೇ ಸಂಶಯಪಡಬೇಕು.

ಮಕ್ಕಳ ರಕ್ಷಣೆಗೂ ಇಲ್ಲಿಯೇ ದಾರಿಯುಂಟು. ರೌಟರಿನ ಡಿಎನ್‌ಎಸ್ ಸ್ಥಾನದಲ್ಲಿ 1.1.1.3 ಮತ್ತು 1.0.0.3 ಎಂದು ನಮೂದಿಸಿದರೆ, ಕ್ಲೌಡ್‌ಫ್ಲೇರ್ ಸಂಸ್ಥೆ 2020ರಲ್ಲಿ ಆರಂಭಿಸಿದ ಉಚಿತ ಸೇವೆಯು ಅಶ್ಲೀಲ ಹಾಗೂ ಹಾನಿಕರ ತಾಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಇದು ಹಿರಿಯರ ಕಣ್ಗಾವಲಿಗೆ ಬದಲಿಯಾಗಲಾರದು. ರೌಟರಿನೊಡನೆ ಬಂದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಿಸುವುದೂ ಅವಶ್ಯ. ಅದನ್ನು ಹಾಗೆಯೇ ಬಿಡುವುದೆಂದರೆ ಅಗಸಿಯ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ.

ಕನ್ನಡದಲ್ಲೊಂದು ದಾಖಲೆ

ಇವೆಲ್ಲಕ್ಕೂ ಆಧಾರವಾಗಬೇಕಾದುದು ಒಂದು ದಾಖಲೆ ಪುಸ್ತಕ. ಯಾವ ಗಣಕಕ್ಕೆ ಯಾವ ಸಂಖ್ಯೆ, ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ, ಯಾವ ದಿನ ಏನನ್ನು ಬದಲಿಸಲಾಯಿತು ಎಂಬುದನ್ನು ಅದರಲ್ಲಿ ಕನ್ನಡದಲ್ಲಿಯೇ ಬರೆದಿಡಬೇಕು. ಗುಪ್ತಪದವನ್ನು ಮಾತ್ರ ಮುಚ್ಚಿದ ಲಕೋಟೆಯಲ್ಲಿ ಮುಖ್ಯಾಧ್ಯಾಪಕರ ಬಳಿ ಇರಿಸಬೇಕು. 2019 ಮತ್ತು 2021ರ ಮಹಾಪೂರಗಳನ್ನು ಕಂಡ ಶಿರೋಳ ತಾಲೂಕಿನಲ್ಲಿ ರೌಟರನ್ನು ಗೋಡೆಯ ಎತ್ತರದಲ್ಲಿ ಕೂರಿಸುವುದೂ, ಪುಸ್ತಕದ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದೂ ವಿವೇಕದ ಕಾರ್ಯ.

ಶಿಕ್ಷಕರಿಗೆ ವರ್ಗವಾಗಬಹುದು, ತಂತ್ರಜ್ಞರು ಬದಲಾಗಬಹುದು. ದಾಖಲೆ ಶಾಲೆಯಲ್ಲಿಯೇ ಉಳಿಯುತ್ತದೆ. ಅದನ್ನು ಬರೆಯುವ ಹೊಣೆಯನ್ನು ಮೇಲಿನ ತರಗತಿಯ ಮಕ್ಕಳಿಗೇ ವಹಿಸಿದರೆ, ಗಣಕದ ವಿದ್ಯೆ ಪರಭಾಷೆಯ ಸೊತ್ತೆಂಬ ಅಳುಕು ಅವರ ಮನದಿಂದ ದೂರವಾದೀತು.