ಹೊಲದ ಬದುವಿನಲ್ಲಿ ಮಕ್ಕಳಿಗೆ ಪಾಠ

ಬೇಸಾಯಗಾರರ ಮಕ್ಕಳು ಹುಟ್ಟಿದಂದಿನಿಂದ ಹೊಲಗದ್ದೆಗಳನ್ನು ನೋಡುತ್ತಲೇ ಬೆಳೆಯುವರು. ಅವರಿಗೆ ಈ ವಿಷಯದಲ್ಲಿ ಬೇರೆ ಪಾಠವೇಕೆಂದು ಕೆಲವರು ಕೇಳಬಹುದು. ಆದರೆ ನೋಡುವುದು ಬೇರೆ, ಗಮನಿಸುವುದು ಬೇರೆ. ತಿಳಿದ ಹಿರಿಯರೊಬ್ಬರು ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು, ಬೆಳಗಿನ ತಂಪಿನಲ್ಲಿ ಒಂದು ಗಂಟೆ ಬದುಗಳ ಮೇಲೆ ಸುತ್ತಾಡಿ ಬಂದರೆ, ಆ ಮಕ್ಕಳ ಕಣ್ಣು ಊರಿನ ಫಸಲನ್ನೇ ಕಾಯಲು ಕಲಿಯುವುದು.

ಚಿತ್ರದುರ್ಗ, ತುಮಕೂರು ಮೊದಲಾದ ಜಿಲ್ಲೆಗಳಲ್ಲಿ ಕಡಲೆಕಾಯಿ ಬೆಳೆಯುವವರು ಕೆಂಪು ತಲೆಯ ಕಂಬಳಿಹುಳುವನ್ನು ಚೆನ್ನಾಗಿ ಬಲ್ಲರು. ಆದರೆ ಹುಳುಗಳು ದಂಡುಕಟ್ಟಿ ಹೊಲದಿಂದ ಹೊಲಕ್ಕೆ ನಡೆಯುವ ಹೊತ್ತಿಗೆ ಉಪಾಯದ ಕಾಲವು ಬಹುಮಟ್ಟಿಗೆ ಮೀರಿರುವುದು. ಮುಂಗಾರಿನ ಒಳ್ಳೆಯ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಭೂಮಿಯೊಳಗಿನ ಕೋಶಗಳಿಂದ ಬಿಳಿ ರೆಕ್ಕೆಯ ಪತಂಗಗಳು ಹೊರಬರುವುವು. ಒಂದೊಂದು ಹೆಣ್ಣು ಪತಂಗವೂ ಎಲೆಗಳ ಅಡಿಯಲ್ಲಿ ಗುಂಪಾಗಿ ನೂರಾರು ಮೊಟ್ಟೆಗಳನ್ನಿಡುವುದು. ಮೊಟ್ಟೆಯೊಡೆದ ಮರಿಗಳು ಕೆಲವು ದಿನ ಒಟ್ಟಾಗಿದ್ದು ಎಲೆಯ ಹಸಿರನ್ನು ಕೆರೆದು ತಿಂದು, ಆಮೇಲೆ ಚದರುವುವು. ಎಲೆಯನ್ನು ಮಗುಚಿ ನೋಡಲು ಕಲಿತ ಬಾಲಕನು ಅಂತಹ ಒಂದೆಲೆಯನ್ನು ಕಿತ್ತು ನಾಶಮಾಡಿದರೆ ನೂರಾರು ಹುಳುಗಳು ಅಲ್ಲಿಯೇ ಅಳಿದಂತಾಯಿತು. ಬೆಳೆದ ಹುಳುವನ್ನು ಬರಿಗೈಯಿಂದ ಮುಟ್ಟಿದರೆ ಅದರ ಕೂದಲು ತಗುಲಿ ತುರಿಕೆಯಾಗುವುದೆಂದು ಮೊದಲೇ ಎಚ್ಚರಿಸತಕ್ಕದ್ದು.

ಪೈರಿಲ್ಲದ ಕಾಲದಲ್ಲಿಯೂ ಪಾಠವುಂಟು. ಬದುಗಳಲ್ಲಿಯೂ ಮರಗಳ ನೆರಳಿನಲ್ಲಿಯೂ ಮಣ್ಣನ್ನು ಅಗೆದು, ಮುಂದಿನ ಮಳೆಗಾಗಿ ತಿಂಗಳುಗಟ್ಟಲೆ ಕಾದಿರುವ ಕೋಶಗಳನ್ನು ತೋರಿಸಬಹುದು. ಮಾಗಿ ಉಳುಮೆಯಿಂದ ಇವು ಮೇಲೆ ಬಿದ್ದು ಬಿಸಿಲಿಗೆ ಸಾಯುವುದನ್ನೂ, ನೇಗಿಲ ಹಿಂದೆ ಬರುವ ಗೊರವಂಕ, ಬೆಳ್ಳಕ್ಕಿಗಳು ಮಣ್ಣಿನ ಹುಳುಗಳನ್ನು ಹೆಕ್ಕುವುದನ್ನೂ ಕಂಡ ಮಕ್ಕಳು ಹಕ್ಕಿಗಳಿಗೆ ಕಲ್ಲೆಸೆಯರು.

ಎಲ್ಲ ಹುಳುಗಳೂ ಶತ್ರುಗಳಲ್ಲವೆಂಬುದು ಇನ್ನೊಂದು ಪಾಠ. ಹೇನು ಹತ್ತಿದ ಅವರೆಯ ಕುಡಿಯಲ್ಲಿ ಗುಲಗಂಜಿ ಹುಳುವನ್ನು ಹುಡುಕಬೇಕು. ಅದರ ಮರಿಯು ತಾಯಿಯನ್ನು ಹೋಲದೆ, ಉದ್ದವಾಗಿ, ಕಪ್ಪಾಗಿ, ನೋಡಲು ವಿಕಾರವಾಗಿರುವುದರಿಂದ ಅನೇಕರು ಅದನ್ನು ಹೊಸಕಿಹಾಕುವರು. ಅರ್ಧ ಗಳಿಗೆ ಸುಮ್ಮನೆ ಕುಳಿತು ನೋಡಿದರೆ, ಅದು ಹೇನುಗಳನ್ನು ಒಂದೊಂದಾಗಿ ಹಿಡಿದು ತಿನ್ನುವುದು ಮಕ್ಕಳ ಕಣ್ಣಿಗೇ ಬೀಳುವುದು.

ಮೂರನೆಯ ಪಾಠವು ಬೇರಿನದು. ಅಲಸಂದೆಯ ಗಿಡವೊಂದನ್ನು ಮಣ್ಣುಸಹಿತ ಮೆಲ್ಲಗೆ ಎಬ್ಬಿಸಿ, ಬೇರನ್ನು ನೀರಿನಲ್ಲಿ ತೊಳೆದರೆ ಸಣ್ಣ ಗಂಟುಗಳು ಕಾಣುವುವು. ಇವು ರೋಗವಲ್ಲ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಅಣುಜೀವಿಗಳ ಮನೆಗಳು. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ ಅವು ಕೆಲಸಮಾಡುತ್ತಿರುವುವೆಂದು ತಿಳಿಯಬೇಕು. ಬದನೆಯ ಬೇರು ತಾನೇ ಊದಿಕೊಂಡು, ಗಂಟು ಬಿಡಿಸಲು ಬಾರದಿದ್ದರೆ ಅದು ಜಂತುಹುಳುಗಳ ಬಾಧೆ. ಈ ಭೇದವನ್ನರಿತವನು, ರಾಗಿಯೊಡನೆ ಅವರೆಯನ್ನು ಹಾಕುವ ಹಿರಿಯರ ಪದ್ಧತಿಯಲ್ಲಿನ ವಿವೇಕವನ್ನು ತಾನೇ ಕಾಣುವನು.

ಕರೆದೊಯ್ಯುವವರು ಹೇಳುವುದಕ್ಕಿಂತ ಕೇಳುವುದು ಹೆಚ್ಚಾಗಿರಬೇಕು. “ಈ ಎಲೆಯನ್ನು ಯಾರು ತಿಂದರು? ಈ ಕಾಲುವೆಯ ನೀರು ಕೆಂಪಾಗಿರುವುದೇಕೆ?” ಎಂದು ಪ್ರಶ್ನಿಸಿ, ಉತ್ತರವನ್ನು ಮಕ್ಕಳೇ ಹುಡುಕುವಂತೆ ಬಿಡಬೇಕು. ಪ್ರತಿಯೊಂದು ಋತುವಿನಲ್ಲಿಯೂ ಅದೇ ದಾರಿಯಲ್ಲಿ ನಡೆದರೆ ಬದಲಾವಣೆಗಳು ತಿಳಿಯುವುವು. ಹುಲ್ಲು ದಟ್ಟವಾದ ಕಡೆ ಹಾವುಗಳ ಭಯವಿರುವುದರಿಂದ ಹಿರಿಯರು ಮುಂದೆ ನಡೆಯುವುದು ಲೇಸು.

ಇದಕ್ಕೆ ಹಣದ ವೆಚ್ಚವಿಲ್ಲ. ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ಹೊಲಗಳನ್ನು ಮಕ್ಕಳಿಗೆ ತೆರೆದಿಟ್ಟು, ಉಪಾಧ್ಯಾಯರೊಡನೆ ಅನುಭವಸ್ಥ ರೈತರೊಬ್ಬರನ್ನು ಕಳುಹಿಸಿದರೆ ಸಾಕು. ಮುಂದಿನ ಮುಂಗಾರಿನಲ್ಲಿ ಮೊದಲ ಮೊಟ್ಟೆಯ ಗುಂಪನ್ನು ಕಂಡು ಓಡಿಬಂದು ತಿಳಿಸುವವರು ಆ ಮಕ್ಕಳೇ ಆಗಬಹುದು.